ಮೊಬೈಲಿಗೆ ನೆಟ್ ಬರ್ತದೆ, ಕಂಪ್ಯೂಟರಿಗೆ ಮಾತ್ರ ಇಲ್ಲ: ಮಳೆ ಹಿಡಿದಾಗಿಂದ ಹೀಗೆ

ಬೇಲೆಕೇರಿ ಬಂದರು (ಅಂಕೋಲಾ):
ಗೊತ್ತಿದ್ದವರು ದಯವಿಟ್ಟು ಹೇಳಿ. ಫೈಬರ್ ಕನೆಕ್ಷನ್, ಮೋಡೆಮ್ ಮಾಳಿಗೆ ಮೇಲೆ. ಕೆಳಗೆ ಡೆಸ್ಕ್‌ಟಾಪ್, ವಿಂಡೋಸ್ 10. ಮೇಲಿಂದ ಹೊರಗೋಡೆ ಗುಂಟ ಸುಮಾರು 22 ಮೀಟರ್ ಲ್ಯಾನ್ ಕೇಬಲ್ ಇಳಿಸಿದ್ದು, ನಾಲ್ಕು ವರ್ಷ ಆಯ್ತು. ಜೂನ್ ಮಳೆ ಹಿಡಿದ ಮೇಲೆ ಕಂಪ್ಯೂಟರಲ್ಲಿ ಹಳದಿ ತ್ರಿಕೋನ, "ಅನ್‌ಐಡೆಂಟಿಫೈಡ್ ನೆಟ್‌ವರ್ಕ್" ಅಂತ ಬರ್ತದೆ. ಅದೇ ಮೋಡೆಮ್‌ನ ವೈಫೈಯಲ್ಲಿ ಮೊಬೈಲಿಗೆ ಎಂತ ತೊಂದರೆಯೂ ಇಲ್ಲ. ಲೈನಿನವರು ಬಂದು "ನಮ್ಮ ಕಡೆ ಲೈಟ್ ಸರಿ ಇದೆ, ಕಂಪ್ಯೂಟರ್ ತೋರ್ಸಿ" ಅಂದ್ರು. ಕಂಪ್ಯೂಟರ್ ಅಂಗಡಿಯವರು "ನೆಟ್ಟಿನವರನ್ನ ಕೇಳಿ" ಅಂತಾರೆ. ರಿಸ್ಟಾರ್ಟ್ ಮಾಡಿ ಆಯ್ತು, ಟ್ರಬಲ್‌ಶೂಟರ್ ಓಡಿಸಿ ಆಯ್ತು. ಮುಂದೆ ಎಂತ ಮಾಡೋದು?

ತದಡಿ ದೋಣಿ:
ಮೋಡೆಮ್ ಹಿಂದೆ ಸಣ್ಣ ತೂತು ಇರ್ತದಲ್ಲ, ಪಿನ್ನು ಹಾಕಿ 10 ಸೆಕೆಂಡ್ ಒತ್ತಿ ಹಿಡೀರಿ. ರಿಸೆಟ್ ಆದ್ರೆ ಸರಿ ಆಗ್ತದೆ.

ಕಾಳಿ ಸಂಗಮ (ಕಾರವಾರ):
ದಯವಿಟ್ಟು ಅದನ್ನ ಮಾತ್ರ ಮಾಡ್ಬೇಡಿ! ಸ್ವಿಚ್ ಆಫ್ ಮಾಡಿ ಆನ್ ಮಾಡೋದು ಬೇರೆ, ಆ ತೂತು ಒತ್ತೋದು ಬೇರೆ. ತೂತು ಒತ್ತಿದ್ರೆ ಮೋಡೆಮ್ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹೋಗ್ತದೆ. ಪಿಪಿಪಿಒಇ (ನೆಟ್ ಕಂಪನಿಗೆ ಲಾಗಿನ್ ಆಗೋ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ ಎಲ್ಲ ಅಳಿಸಿ ಹೋಗ್ತದೆ. ಅವು ಬರೆದಿಟ್ಟಿಲ್ಲ ಅಂದ್ರೆ ಈಗ ಬರ್ತಾ ಇರೋ ವೈಫೈಯೂ ನಿಂತು, ಲೈನಿನವರು ಮತ್ತೆ ಬರೋವರೆಗೆ ಮನೆ ಪೂರ್ತಿ ಕತ್ತಲೆ. ಮೊಬೈಲಿಗೆ ನೆಟ್ ಬರ್ತಿದೆ ಅಂದ್ಮೇಲೆ ಮೋಡೆಮ್‌ವರೆಗೆ ಲೈನ್ ಸರಿ ಇದೆ ಅಂತಲೇ ಅರ್ಥ. ಉಳಿದದ್ದು ಮೂರೇ: ಮೋಡೆಮ್‌ನ ಲ್ಯಾನ್ ಪೋರ್ಟ್, ಕೇಬಲ್, ಕಂಪ್ಯೂಟರ್. ಯಾವುದು ಅಂತ ಮೊದಲು ಹಿಡೀಬೇಕು, ಆಮೇಲೆ ರಿಪೇರಿ.

ತದಡಿ ದೋಣಿ:
ಹೌದು, ಪಿಪಿಪಿಒಇ ವಿಚಾರ ತಲೆಗೆ ಬರ್ಲಿಲ್ಲ. ರಿಸೆಟ್ ಮಾತು ಹಿಂದೆ ತಗೊಂಡೆ.

ಭಟ್ಕಳ ಮಲ್ಲಿಗೆ:
ಡಿಎನ್‌ಎಸ್ ಬದಲಿಸಿ ನೋಡಿ. ಅಡಾಪ್ಟರ್ ಪ್ರಾಪರ್ಟೀಸ್‌ನಲ್ಲಿ ಐಪಿ ವರ್ಷನ್ 4 ಒಳಗೆ 8.8.8.8 ಮತ್ತು 1.1.1.1 ಹಾಕಿ. ಅರ್ಧಕ್ಕರ್ಧ ಸಮಸ್ಯೆ ಅಲ್ಲೇ ಮುಗೀತದೆ.

ಕಾಳಿ ಸಂಗಮ (ಕಾರವಾರ):
ಅಕ್ಕಾ, ಡಿಎನ್‌ಎಸ್ ಅಂದ್ರೆ ಹೆಸರನ್ನ ನಂಬರಿಗೆ ಬದಲಿಸಿ ಕೊಡೋದು. ಮನೆ ಬಾಗಿಲೇ ದಾಟದವರಿಗೆ ಊರಿನ ವಿಳಾಸ ಹೇಳಿ ಉಪಯೋಗ ಇಲ್ಲ. "ಅನ್‌ಐಡೆಂಟಿಫೈಡ್" ಅಂತಿದ್ದರೆ ಬಹುತೇಕ ಐಪಿಯೇ, ಅಂದ್ರೆ ಕಂಪ್ಯೂಟರಿನ ನೆಟ್ ವಿಳಾಸವೇ, ಸಿಕ್ಕಿರೋದಿಲ್ಲ. ಬೇಲೆಕೇರಿಯವರೆ, ಸ್ಟಾರ್ಟ್‌ನಲ್ಲಿ ಸಿಎಂಡಿ (cmd) ಅಂತ ಹೊಡೆದು ಕಪ್ಪು ಕಿಟಕಿ ತೆರೀರಿ. ಅಲ್ಲಿ ಐಪಿಕಾನ್ಫಿಗ್ (ipconfig) ಅಂತ ಕೊಟ್ಟು ಎಂಟರ್. ಐಪಿವಿ4 ಅಡ್ರೆಸ್ ಎದುರು ಎಂತ ಬರ್ತದೆ ಹೇಳಿ. 192.168ರಿಂದ ಶುರುವಾದ್ರೆ ಒಂದು ದಾರಿ, 169.254ರಿಂದ ಶುರುವಾದ್ರೆ ಬೇರೆ ದಾರಿ.

ಬೇಲೆಕೇರಿ ಬಂದರು (ಅಂಕೋಲಾ):
169.254.37.112. ಡಿಫಾಲ್ಟ್ ಗೇಟ್‌ವೇ ಎದುರು ಖಾಲಿ.

ಕಾಳಿ ಸಂಗಮ (ಕಾರವಾರ):
ಅಲ್ಲಿಗೆ ಗೊತ್ತಾಯ್ತು. ಕಂಪ್ಯೂಟರ್ "ನಂಗೊಂದು ಅಡ್ರೆಸ್ ಕೊಡಿ" ಅಂತ ಕೂಗಿದೆ, ಮೋಡೆಮ್‌ನಿಂದ ಉತ್ತರ ಬಂದಿಲ್ಲ, ಕಡೆಗೆ ತಾನೇ ಒಂದು ನಂಬರ್ ಹಾಕ್ಕೊಂಡಿದೆ. 169.254 ಅಂದ್ರೆ ಯಾವಾಗಲೂ ಇದೇ ಅರ್ಥ. ಈಗ ಲ್ಯಾನ್ ಪೋರ್ಟ್ ಹತ್ರ ಇರೋ ಪುಟ್ಟ ದೀಪ ನೋಡಿ. ಎರಡೂ ತುದಿಯಲ್ಲಿ, ಅಂದ್ರೆ ಮೋಡೆಮ್ ಕಡೆ ಮತ್ತು ಕಂಪ್ಯೂಟರ್ ಹಿಂದೆ.

ದೇವಿಮನೆ ಘಟ್ಟ:
ಜೊತೆಗೆ ಇನ್ನೊಂದು ಪರೀಕ್ಷೆ ಮಾಡಿ, ಐದು ನಿಮಿಷದ ಕೆಲಸ. ಮೊಬೈಲನ್ನ ಚಾರ್ಜಿಂಗ್ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಮೊಬೈಲ್ ವೈಫೈಯಲ್ಲಿದ್ದರೆ ಆ ವೈಫೈಯನ್ನೇ ಕಂಪ್ಯೂಟರಿಗೆ ದಾಟಿಸ್ತದೆ, ಸಿಮ್ಮಿನ ಡೇಟಾ ಖರ್ಚಾಗೋದಿಲ್ಲ. ಆಗ ನೆಟ್ ಬಂದ್ರೆ ವಿಂಡೋಸ್ ಸರಿ ಇದೆ, ತಪ್ಪು ಕೇಬಲ್ ಅಥವಾ ಪೋರ್ಟಿನದ್ದು. ಬರದಿದ್ರೆ ಕಂಪ್ಯೂಟರ್ ಒಳಗೇ ಹುಡುಕಬೇಕು. ಕೇಬಲ್ ಕಿತ್ತು ಎಳೆದಾಡೋ ಮುಂಚೆ ಇದನ್ನ ಮಾಡಿದ್ರೆ ಅರ್ಧ ದಿನ ಉಳೀತದೆ.

ಸೋಂದಾ ತೋಟ (ಶಿರಸಿ ಕಡೆ):
ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಬೇರೆಯೇ ಕಥೆ. ಜೋರು ಮಳೆ ಬಂದಾಗ ಎಲ್‌ಒಎಸ್ ದೀಪ (ಫೈಬರಲ್ಲಿ ಬೆಳಕು ಬರ್ತಿಲ್ಲ ಅಂತ ಹೇಳೋದು) ಕೆಂಪಗೆ ಮಿಣುಕ್ತದೆ, ಮಳೆ ಬಿಟ್ಟು ಎರಡು ಗಂಟೆಗೆ ತಾನೇ ಸರಿ ಆಗ್ತದೆ. ಫೈಬರ್ ಗಾಜಿನದಲ್ವಾ, ಅದಕ್ಕೂ ಮಳೆಗೂ ಎಂತ ಸಂಬಂಧ?

ಹೊನ್ನಾವರ ಅಳಿವೆ:
ಗಾಜಿಗೆ ಇಲ್ಲ, ಜೋಡಣೆಗೆ ಇದೆ. ಕಂಬದ ಮೇಲಿನ ಜಾಯಿಂಟ್ ಪೆಟ್ಟಿಗೆಯೊಳಗೆ ನೀರು ಇಳಿದ್ರೆ, ಅಲ್ಲಿ ಬೆಸುಗೆ ಹಾಕದೆ ಬರೀ ಫಾಸ್ಟ್ ಕನೆಕ್ಟರ್ ಸಿಕ್ಕಿಸಿ ಬಿಟ್ಟಿದ್ರೆ, ಎಳೆಗಳ ಮುಖದ ನಡುವೆ ನೀರೋ ಕೊಳೆಯೋ ಸೇರಿ ಬೆಳಕು ಸೋರ್ತದೆ. ಒಣಗಿದ ಮೇಲೆ ಮತ್ತೆ ಸರಿ. ಇನ್ನೊಂದು ಕಾರಣ, ಅಡಿಕೆ ಸೋಗೆ ಕೇಬಲ್ ಮೇಲೆ ಬಿದ್ದು ನೇತಾಡ್ತಾ ಇರೋದು. ನೆನೆದು ಭಾರ ಆದಾಗ ಎಳೆ ಬಾಗ್ತದೆ. ಸಾಮಾನ್ಯ ಎಳೆ 3 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿದ್ರೆ ಬೆಳಕು ಹೊರಗೆ ಹಾರಿ ಹೋಗ್ತದೆ.

ಕಣ್ಣಂದಾಜು ಬೇಡ, ಅಳತೆ ನೋಡಿ. ಬ್ರೌಸರಲ್ಲಿ 192.168.1.1 ಹೊಡೆದು ಮೋಡೆಮ್ ಒಳಗೆ ಹೋಗಿ. ಕೆಲವು ಮೋಡೆಮ್‌ನಲ್ಲಿ ನಂಬರ್ ಬೇರೆ, ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಬರೆದಿರ್ತದೆ. ಸ್ಟೇಟಸ್ ಅಡಿಯಲ್ಲಿ ಆಪ್ಟಿಕಲ್ ಅಥವಾ ಪಾನ್ ಅಂತ ಇರೋ ಕಡೆ "ಆರ್‌ಎಕ್ಸ್ ಪವರ್", ಅಂದ್ರೆ ಮೋಡೆಮಿಗೆ ತಲುಪೋ ಬೆಳಕಿನ ಬಲ, ಸಿಗ್ತದೆ. ಮನೆ ಫೈಬರಿಗೆ ಸಾಮಾನ್ಯವಾಗಿ ಬಳಸೋ ಜಿಪಾನ್ ಬಿ ಪ್ಲಸ್ ದರ್ಜೆಯಲ್ಲಿ ಮೋಡೆಮ್ ಓದಬಲ್ಲ ಕಡೇ ಗಡಿ ಮೈನಸ್ 27 ಡಿಬಿಎಂ (ಬೆಳಕಿನ ಬಲದ ಅಳತೆ, ಮೈನಸ್ ಮುಂದಿನ ಸಂಖ್ಯೆ ಜಾಸ್ತಿ ಆದಷ್ಟೂ ಬೆಳಕು ಕಮ್ಮಿ). ಮೈನಸ್ 18ರಿಂದ 23ರೊಳಗಿದ್ರೆ ನಿಶ್ಚಿಂತೆ. ಬಿಸಿಲಲ್ಲೇ ಮೈನಸ್ 26 ಇದ್ರೆ ಮಳೆಗೆ ಹೋಗೇ ಹೋಗ್ತದೆ. ನೆನಪಿಡಿ, 3 ಡಿಬಿ ಕಮ್ಮಿ ಆದ್ರೆ ಬೆಳಕು ಅರ್ಧ ಆಯ್ತು ಅಂತ ಲೆಕ್ಕ. ಬಿಸಿಲಲ್ಲಿ ಒಮ್ಮೆ, ಮಳೆಯಲ್ಲಿ ಒಮ್ಮೆ ಪರದೆಯ ಫೋಟೋ ತೆಗೆದಿಡಿ. ದೂರು ಕೊಡುವಾಗ "ನೆಟ್ ಹೋಗ್ತದೆ" ಅನ್ನೋದಕ್ಕಿಂತ "ಮಳೆಗೆ 5 ಡಿಬಿ ಬೀಳ್ತದೆ" ಅಂದ್ರೆ ಬೇಗ ಕೆಲಸ ಆಗ್ತದೆ.

ಬಿಡ್ಕಿಬಯಲು:
ಎಲ್‌ಒಎಸ್ ಕೆಂಪು ಅಂದಕೂಡಲೇ ಫೈಬರ್ ತುದಿ ತೆಗೆದು ಕಣ್ಣಿಗೆ ಹಿಡಿದು ನೋಡೋರು ಇದ್ದಾರೆ. ಅಪಾಯ. ಬರೋ ಬೆಳಕು 1490 ನ್ಯಾನೋಮೀಟರಿನದ್ದು, ಕಣ್ಣಿಗೆ ಕಾಣೋದೇ ಇಲ್ಲ. ಇನ್ನೊಂದು, ಹಸಿರು ತಲೆಯ ಕನೆಕ್ಟರನ್ನ ನೀಲಿ ತಲೆಯದಕ್ಕೆ ಸೇರಿಸಬಾರದು. ಹಸಿರಿನ ಮುಖ ಓರೆಯಾಗಿ ಕೊಯ್ದಿರ್ತದೆ, ನೀಲಿದು ನೇರ. ಸೇರಿಸಿದ್ರೆ ನಡುವೆ ಸಂದು ಉಳಿದು ಬೆಳಕು ಹಾಳು.

ಬೇಲೆಕೇರಿ ಬಂದರು (ಅಂಕೋಲಾ):
ಫಲಿತಾಂಶ ಬಂತು, ಆದ್ರೆ ಗೊಂದಲ ಜಾಸ್ತಿ ಆಯ್ತು. ಲ್ಯಾನ್ ದೀಪ ಹತ್ತಿ ಆರಿ ಮಾಡ್ತಿದೆ, ಒಂದೇ ಲಯದಲ್ಲಿ ಇಲ್ಲ. ಯುಎಸ್‌ಬಿ ಟೆದರಿಂಗ್ ಹಾಕಿದಾಗ ತ್ರಿಕೋನ ಹೋಯ್ತು, ಪಿಂಗ್ 8.8.8.8 (ಆಚೆ ಕಡೆಯ ಕಂಪ್ಯೂಟರ್ ಉತ್ತರ ಕೊಡ್ತದಾ ಅಂತ ನೋಡೋ ಆದೇಶ) ಕೊಟ್ರೆ ಉತ್ತರ ಬರ್ತದೆ. ಆದ್ರೆ ಬ್ರೌಸರಲ್ಲಿ ಒಂದು ಸೈಟೂ ತೆರೆಯೋದಿಲ್ಲ, "ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ" ಅಂತ ಕೆಂಪು ಎಚ್ಚರಿಕೆ. ಹಾಗಾದ್ರೆ ವಿಂಡೋಸೂ ಹಾಳಾ?

ಭಟ್ಕಳ ಮಲ್ಲಿಗೆ:
ವೈರಸ್ ಇರಬಹುದು. ಫಾರ್ಮ್ಯಾಟ್ ಹೊಡೆಸೋದೇ ಒಳ್ಳೇದು.

ದೇವಿಮನೆ ಘಟ್ಟ:
ಫಾರ್ಮ್ಯಾಟ್ ಎಂತಕ್ಕೆ ಅಕ್ಕ? ಪಿಂಗ್ ಬರ್ತಿದೆ, ಆ ಎಚ್ಚರಿಕೆಯೇ ಕಾರಣ ಹೇಳ್ತಿದೆ. ಬೇಲೆಕೇರಿಯವರೆ, ಪರದೆಯ ಬಲಮೂಲೆಯಲ್ಲಿ ತಾರೀಕು ಎಷ್ಟು ತೋರಿಸ್ತದೆ?

ಬೇಲೆಕೇರಿ ಬಂದರು (ಅಂಕೋಲಾ):
1 ಜನವರಿ 2016!

ದೇವಿಮನೆ ಘಟ್ಟ:
ಅದೇ. ಪ್ರತಿ ಸೈಟಿನ ಭದ್ರತಾ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರ್ತದೆ. ನಿಮ್ಮ ಗಡಿಯಾರ 2016 ಅಂದ್ರೆ ಇವತ್ತಿನ ಸರ್ಟಿಫಿಕೇಟ್ ಎಲ್ಲ "ಇನ್ನೂ ಹುಟ್ಟೇ ಇಲ್ಲ" ಅಂತ ಬ್ರೌಸರ್ ತಿಳೀತದೆ, ಬಾಗಿಲು ಹಾಕ್ತದೆ. ವೈರಸ್ಸೂ ಅಲ್ಲ ಎಂತದೂ ಅಲ್ಲ.

ಮದರ್‌ಬೋರ್ಡ್ ಮೇಲಿನ ಬಿಲ್ಲೆ ಸೆಲ್ ಹೋಗಿದೆ. ಸಿಆರ್ 2032, 3 ವೋಲ್ಟ್, ಗಡಿಯಾರದ ಅಂಗಡಿಯಲ್ಲೂ ಸಿಗ್ತದೆ. ಮಳೆಗೂ ಇದಕ್ಕೂ ಸಂಬಂಧ ಇದೆ ನೋಡಿ. ಗೋಡೆಯ ಸ್ವಿಚ್ ಆನ್ ಇರೋವರೆಗೆ ಗಡಿಯಾರಕ್ಕೆ ಕರೆಂಟಿಂದಲೇ ಶಕ್ತಿ ಸಿಗ್ತದೆ, ಸೆಲ್ ಸತ್ತಿದ್ರೂ ಗೊತ್ತಾಗೋದಿಲ್ಲ. ಸಿಡಿಲು ಅಂತ ದಿನಾ ಪ್ಲಗ್ ಕಿತ್ತಿಡೋದು ಶುರುವಾದ ಮೇಲೆ ಪ್ರತಿ ಸಲ ತಾರೀಕು ಹಿಂದೆ ಓಡ್ತದೆ.

ಹೊನ್ನಾವರ ಅಳಿವೆ:
ವಿಂಡೋಸ್ ನೆಟ್ಟಿಂದ ತಾನೇ ಟೈಮ್ ಸರಿ ಮಾಡ್ಕೊಳ್ತದಲ್ಲ?

ದೇವಿಮನೆ ಘಟ್ಟ:
ಸಣ್ಣ ವ್ಯತ್ಯಾಸ ಇದ್ರೆ ಮಾತ್ರ. ಮನೆ ಕಂಪ್ಯೂಟರಲ್ಲಿ ಅದರ ಮಿತಿ 54,000 ಸೆಕೆಂಡ್, ಅಂದ್ರೆ 15 ಗಂಟೆ. ಅದಕ್ಕಿಂತ ಜಾಸ್ತಿ ತಪ್ಪಿದ್ರೆ ತಾನಾಗಿ ಮುಟ್ಟೋದಿಲ್ಲ, ಕೈಯಿಂದ ಹಾಕಬೇಕು. ಮೊದಲು ತಾರೀಕು, ಟೈಮ್, ಟೈಮ್‌ಝೋನ್ ಸರಿ ಮಾಡಿ ಸೈಟ್ ತೆರೀತದಾ ನೋಡಿ. ಆಮೇಲೆ ಪ್ಲಗ್ ಪೂರ್ತಿ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ, ಸೆಲ್ ಬದಲಿಸಿ. ಪ್ಲಸ್ ಗುರುತು ಮೇಲಕ್ಕೆ. ಮಲ್ಟಿಮೀಟರ್ ಇದ್ರೆ ಹಳೇ ಸೆಲ್ ಅಳೀರಿ, 2.5 ವೋಲ್ಟಿಗಿಂತ ಕೆಳಗಿದ್ರೆ ಅನುಮಾನವೇ ಬೇಡ.

ಕಾಳಿ ಸಂಗಮ (ಕಾರವಾರ):
ಅಂದ್ರೆ ಇಲ್ಲಿ ಎರಡು ತೊಂದರೆ ಒಟ್ಟಿಗೆ ಇವೆ. ಗಡಿಯಾರ ಒಂದು, 169.254 ಇನ್ನೊಂದು. ಒಂದನ್ನ ಸರಿ ಮಾಡಿ "ಇನ್ನೂ ಬರ್ತಿಲ್ಲ" ಅಂತ ಅದನ್ನ ಮತ್ತೆ ಕೆಡಿಸಬೇಡಿ. ಈಗ ಕೇಬಲ್. ದೀಪ ಹತ್ತಿ ಆರಿ ಮಾಡೋದು ಕೇಬಲ್ ಲಕ್ಷಣವೇ, ಆದ್ರೂ ಪರೀಕ್ಷೆ ಮಾಡಿ. ಮೋಡೆಮ್ ಜೊತೆ ಬಂದ ಒಂದು ಮೀಟರಿನ ಕೇಬಲ್ ಹುಡುಕಿ. ಸಿಪಿಯು ಮಾಳಿಗೆಗೆ ಒಯ್ಯಿರಿ, ಇಲ್ಲಾ ಯಾರದಾದ್ರೂ ಲ್ಯಾಪ್‌ಟಾಪ್ ತಂದು ಉದ್ದ ಕೇಬಲ್‌ನ ಕೆಳತುದಿಗೆ ಹಾಕಿ. ಸಣ್ಣ ಕೇಬಲಲ್ಲಿ 192.168 ಬಂದ್ರೆ ಪೋರ್ಟ್ ಎರಡೂ ಸರಿ.

ಬಿಡ್ಕಿಬಯಲು:
ನಾಲ್ಕು ವರ್ಷ ಹೊರಗೋಡೆಯಲ್ಲಿ, ಅದೂ ಅಂಕೋಲೆಯ ಉಪ್ಪುಗಾಳಿಗೆ! ಕೇಬಲ್‌ನ ಪ್ಲಗ್ ತೆಗೆದು ಹಳದಿ ಪಿನ್ನುಗಳನ್ನ ಬೆಳಕಿಗೆ ಹಿಡೀರಿ. ಹಸಿರು ಕಿಲುಬು ಕಂಡ್ರೆ ಮುಗೀತು.

ಬೇಲೆಕೇರಿ ಬಂದರು (ಅಂಕೋಲಾ):
ತಾರೀಕು ಸರಿ ಮಾಡಿದೆ, ಟೆದರಿಂಗ್‌ನಲ್ಲಿ ಎಲ್ಲ ಸೈಟೂ ತೆರೀತು. ಸಣ್ಣ ಕೇಬಲ್‌ನಲ್ಲಿ 192.168.1.7 ಬಂತು. ಉದ್ದ ಕೇಬಲ್ ಹಾಕಿದ್ರೆ ಮತ್ತೆ 169.254. ಕೆಳತುದಿಯ ಪಿನ್ ಮೂರು ಹಸಿರಾಗಿವೆ. ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿದ್ರೆ ಸಾಕಾ, ಪೂರ್ತಿ ಕೇಬಲ್ ಬದಲಿಸಬೇಕಾ?

ಬಿಡ್ಕಿಬಯಲು:
ಒಳಗಿನ ತಂತಿ ನೋಡಿ ಹೇಳಬೇಕು. ತುದಿಯಿಂದ ಒಂದು ಗೇಣು ಕತ್ತರಿಸಿ, ಒಂದು ಎಳೆ ಸುಲಿದು ಬ್ಲೇಡಿನಿಂದ ಕೆರೆಯಿರಿ. ಒಳಗೂ ತಾಮ್ರದ ಬಣ್ಣವೇ ಇದ್ರೆ ಅಸಲಿ ತಾಮ್ರ. ಬೆಳ್ಳಗೆ ಕಂಡ್ರೆ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು, ಅಂಗಡಿಯಲ್ಲಿ ಸಿಸಿಎ ಅಂತಾರೆ. ಅಗ್ಗ ಅಂತ ತುಂಬಾ ಕಡೆ ಅದನ್ನೇ ಎಳೀತಾರೆ. ಕರಾವಳಿಗೆ ಅದು ಸಲ್ಲ. ಎರಡು ಲೋಹ ಕೂಡಿದಲ್ಲಿ ಉಪ್ಪುನೀರು ಸೇರಿದ್ರೆ ಅಲ್ಯೂಮಿನಿಯಂ ಕರಗಿ ಬಿಳಿ ಹುಡಿ ಆಗ್ತದೆ. ಎರಡು ಸಲ ಬಗ್ಗಿಸಿದ್ರೆ ಎಳೆ ಮುರೀತದೆ. ಅಂಥದ್ದಕ್ಕೆ ಹೊಸ ಪ್ಲಗ್ ಹಾಕಿದ್ರೆ ಬರೋ ಮಳೆಗಾಲಕ್ಕೆ ಇದೇ ಪ್ರಶ್ನೆ ಕೇಳ್ತೀರಿ.

ತದಡಿ ದೋಣಿ:
ಕೇಬಲ್ ಬಿಟ್ಟು 300–400 ರೂಪಾಯಿಯ ವೈಫೈ ಡಾಂಗಲ್ ಹಾಕಿದ್ರೆ ಆಗೋದಿಲ್ವಾ? ಗೋಡೆ ಹತ್ತೋ ಕೆಲಸ ತಪ್ತದೆ.

ಹೊನ್ನಾವರ ಅಳಿವೆ:
ಆಗ್ತದೆ, ಆದ್ರೆ ನಮ್ಮ ಕಡೆ ಚಿರೆಕಲ್ಲಿನ ಗೋಡೆ. ಒಂಬತ್ತು ಇಂಚು ದಪ್ಪ, ಮಳೆಗಾಲದಲ್ಲಿ ನೀರು ಕುಡಿದಿರ್ತದೆ. ನೀರು ವೈಫೈಯ ಶತ್ರು. 5 ಗಿಗಾಹರ್ಟ್ಸ್ ಅಂಥ ಒಂದು ಗೋಡೆಗೇ ಸೋಲ್ತದೆ, ಎರಡನೇದನ್ನ ದಾಟೋದು ಕಷ್ಟ. 2.4 ದಾಟ್ತದೆ, ವೇಗ ಕಮ್ಮಿ. ಡಾಂಗಲ್ಲೇ ಹಾಕೋದಾದ್ರೆ ಸಿಪಿಯು ಹಿಂದಿನ ನೀಲಿ ಯುಎಸ್‌ಬಿ 3 ಪೋರ್ಟ್‌ಗಳ ಪಕ್ಕ ಸಿಕ್ಕಿಸಬೇಡಿ, ಅದರಿಂದ ಏಳೋ ರೇಡಿಯೋ ಗದ್ದಲ 2.4ರ ಮೇಲೇ ಬೀಳ್ತದೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ಹಾಕಿ ಮೇಜಿನ ಮೇಲೆ ತನ್ನಿ. ಮೋಡೆಮ್‌ನಲ್ಲಿ ಚಾನೆಲ್ 1, 6, 11 ಈ ಮೂರರಲ್ಲೇ ಒಂದು ಇಡಿ. ನಡುವಿನದು ಇಟ್ರೆ ಎರಡೂ ಪಕ್ಕದ ಮನೆಯವರ ಜೊತೆ ಜಗಳ.

ಕಾಳಿ ಸಂಗಮ (ಕಾರವಾರ):
ಡೆಸ್ಕ್‌ಟಾಪಿಗೆ ಕೇಬಲ್ಲೇ ಸೈ ಅನ್ನೋದು ನನ್ನ ಖಚಿತ ಅಭಿಪ್ರಾಯ. ಸರಿಯಾಗಿ ಎಳೆದ್ರೆ ಹತ್ತು ವರ್ಷ ತಿರುಗಿ ನೋಡೋದು ಬೇಡ.

ಬೇಲೆಕೇರಿ ಬಂದರು (ಅಂಕೋಲಾ):
ಕೆರೆದು ನೋಡಿದೆ, ಬೆಳ್ಳಗಿದೆ. ಪೂರ್ತಿ ಬದಲಿಸ್ತೇನೆ. ಯಾವುದು ತರಲಿ, ಹೇಗೆ ಎಳೀಲಿ?

ಬಿಡ್ಕಿಬಯಲು:
"ಔಟ್‌ಡೋರ್ ಕ್ಯಾಟ್ 6, ಪೂರ್ತಿ ತಾಮ್ರ" ಅಂತ ಒತ್ತಿ ಕೇಳಿ. ಕಪ್ಪು ಹೊದಿಕೆಯದ್ದು, ಬಿಸಿಲು ತಡೀತದೆ. ಒಳಗೆ ಬಳಸೋ ಬೂದು ಬಣ್ಣದ್ದು ಎರಡು ಬೇಸಿಗೆಗೆ ಬಿರುಕು ಬಿಟ್ಟು ನೀರು ಕುಡೀತದೆ. 22 ಮೀಟರಿಗೆ 25 ತನ್ನಿ, ಎರಡೂ ಕಡೆ ಸ್ವಲ್ಪ ಸುತ್ತಿ ಇಟ್ಟರೆ ಮುಂದೆ ಪ್ಲಗ್ ಬದಲಿಸೋಕೆ ಬೇಕಾಗ್ತದೆ. 100 ಮೀಟರ್‌ವರೆಗೆ ಈ ಕೇಬಲ್ ಓಡ್ತದೆ, ಹಾಗಾಗಿ ದೂರದ ಚಿಂತೆ ಇಲ್ಲ.

ಗೋಡೆಗೆ ಕೊರೆಯೋ ತೂತು ಹೊರಗಡೆಗೆ ಇಳಿಜಾರು ಇರಲಿ. ಒಳಗೆ ನುಗ್ಗೋ ಮುಂಚೆ ಕೇಬಲ್ ತೂತಿಗಿಂತ ಅರ್ಧ ಅಡಿ ಕೆಳಗೆ ಇಳಿದು, ಬಳಸಿ ಮೇಲೆ ಬರಬೇಕು. ಕೇಬಲ್ ಗುಂಟ ಇಳಿಯೋ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗ್ತದೆ. ನಿಮ್ಮ ಪಿನ್ ಕಿಲುಬು ಹಿಡಿಯೋಕೆ ಇದು ಇಲ್ಲದ್ದೇ ಕಾರಣ ಅಂತ ನನ್ನ ಅಂದಾಜು, ನೀರು ನೇರ ಪ್ಲಗ್‌ವರೆಗೆ ಹರಿದಿದೆ. ಕರೆಂಟ್ ವೈರ್ ಜೊತೆ ಒಂದೇ ಪೈಪಲ್ಲಿ ಹಾಕಬೇಡಿ, ಒಂದು ಅಡಿ ದೂರ ಇರಲಿ.

ಪ್ಲಗ್ ಹಾಕುವಾಗ ಬಣ್ಣದ ಸಾಲು, ಕೊಕ್ಕೆ ಕೆಳಗೆ ಮಾಡಿ ಹಿಡಿದು ಎಡದಿಂದ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಎರಡೂ ತುದಿ ಇದೇ ಸಾಲು. ತುಂಬಾ ಜನ ಹಸಿರಿನ ಜೋಡಿಯನ್ನ ಪಕ್ಕಪಕ್ಕ ಇಟ್ಟುಬಿಡ್ತಾರೆ, ನಡುವೆ ನೀಲಿ ಜೋಡಿ ಬರಬೇಕು. ಜೋಡಿಗಳ ಹುರಿ 13 ಮಿಲಿಮೀಟರಿಗಿಂತ ಜಾಸ್ತಿ ಬಿಚ್ಚಬೇಡಿ. ಹೊರ ಹೊದಿಕೆ ಪ್ಲಗ್ ಒಳಗೆ ಹೋಗಿ ಕಚ್ಚಿಕೊಂಡಿರಬೇಕು.

ಹೊನ್ನಾವರ ಅಳಿವೆ:
ಹಾಕಿದ ಮೇಲೆ ಅಡಾಪ್ಟರ್ ಸ್ಟೇಟಸ್‌ನಲ್ಲಿ ಸ್ಪೀಡ್ ನೋಡಿ. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದೂ 100 ಎಂಬಿಪಿಎಸ್ ಅಂತ ತೋರಿಸಿದ್ರೆ ನೀಲಿ ಅಥವಾ ಕಂದು ಜೋಡಿ ಸರಿಯಾಗಿ ಕಚ್ಚಿಲ್ಲ. 100ಕ್ಕೆ 1, 2, 3, 6 ಈ ನಾಲ್ಕೇ ಪಿನ್ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು.

ಭಟ್ಕಳ ಮಲ್ಲಿಗೆ:
ಸಿಡಿಲಿನ ವಿಷಯ ಯಾರೂ ಹೇಳ್ಲಿಲ್ಲ. ಪ್ಲಗ್ ಕಿತ್ತಿಟ್ಟೂ ಲ್ಯಾನ್ ಪೋರ್ಟ್ ಸುಟ್ಟುಹೋದದ್ದು ಎಷ್ಟೋ ಕಡೆ ಇದೆ. ಹೊರಗೋಡೆಯಲ್ಲಿ 22 ಮೀಟರ್ ತಾಮ್ರ ಅಂದ್ರೆ ಅದೂ ಒಂದು ಆಂಟೆನಾ. ಗುಡುಗು ಶುರುವಾಗೋ ಮುಂಚೆಯೇ ಪವರ್ ಪ್ಲಗ್ ಜೊತೆ ಲ್ಯಾನ್ ಪ್ಲಗ್ಗೂ ಕೀಳಬೇಕು, ಎರಡೂ ತುದಿಯಲ್ಲಿ.

ಕಾಳಿ ಸಂಗಮ (ಕಾರವಾರ):
ಸರಿಯಾಗಿ ಹೇಳಿದ್ರಿ ಅಕ್ಕ, ಇದನ್ನ ಎಲ್ಲರೂ ಪಾಲಿಸಬೇಕು. ಜೊತೆಗೆ, ಫೈಬರ್ ಗಾಜು ಸಿಡಿಲು ತರೋದಿಲ್ಲ ನಿಜ, ಆದ್ರೆ ಕಂಬದಿಂದ ಮನೆಗೆ ಬರೋ ಡ್ರಾಪ್ ಕೇಬಲ್‌ನಲ್ಲಿ ಆಧಾರಕ್ಕೆ ಉಕ್ಕಿನ ತಂತಿ ಇರ್ತದೆ. ಅದನ್ನ ಹೊರಗೋಡೆಯಲ್ಲೇ ಕತ್ತರಿಸಿ ಕಟ್ಟಬೇಕು, ಮೋಡೆಮ್‌ವರೆಗೆ ತರಬಾರದು. ಪೋರ್ಟ್ ಸುಟ್ಟುಹೋದ್ರೆ ಮದರ್‌ಬೋರ್ಡ್ ಬದಲಿಸೋದೇನೂ ಬೇಡ, ಯುಎಸ್‌ಬಿಯಿಂದ ಲ್ಯಾನ್ ಮಾಡೋ ಅಡಾಪ್ಟರ್ ಸಿಗ್ತದೆ.

ಸೋಂದಾ ತೋಟ (ಶಿರಸಿ ಕಡೆ):
ಹೊನ್ನಾವರದವರೆ, ಅಳತೆ ತೆಗೆದೆ. ಬಿಸಿಲಲ್ಲಿ ಮೈನಸ್ 24.1, ಮಳೆಯಲ್ಲಿ ಮೈನಸ್ 28.9. ಫೋಟೋ ಹಾಕಿ ದೂರು ಕೊಟ್ಟಿದ್ದೇನೆ. ಇನ್ನೊಂದು ಪ್ರಶ್ನೆ, ಕರೆಂಟ್ ಹೋದಾಗ ಮೋಡೆಮ್ ನಡೆಸೋಕೆ ಮಿನಿ ಯುಪಿಎಸ್ ಯಾವುದು ಆಗ್ತದೆ?

ದೇವಿಮನೆ ಘಟ್ಟ:
ಮೋಡೆಮ್‌ನ ಅಡಾಪ್ಟರ್ ಮೇಲೆ ಬರೆದದ್ದು ಓದಿ. ಹೆಚ್ಚಿನವು 12 ವೋಲ್ಟ್, 1 ಅಥವಾ 1.5 ಆಂಪಿಯರ್. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೋ ಜಾಸ್ತಿಯೋ ಇರಬಹುದು, ಕಮ್ಮಿ ಆಗಬಾರದು. ಕಮ್ಮಿ ಆದ್ರೆ ವೈಫೈ ಜೋರು ಕೆಲಸ ಮಾಡುವಾಗ ಮೋಡೆಮ್ ತಾನೇ ರಿಸ್ಟಾರ್ಟ್ ಆಗ್ತಿರ್ತದೆ. 2000 ಎಂಎಎಚ್‌ನ ಮೂರು ಸೆಲ್ ಇದ್ರೆ ಒಟ್ಟು 22 ವ್ಯಾಟ್-ಅವರ್, ಪರಿವರ್ತನೆಯಲ್ಲಿ ಹೋದದ್ದು ಕಳೆದು ಸುಮಾರು 18. ಮೋಡೆಮ್ 7 ವ್ಯಾಟ್ ತಿಂದ್ರೆ ಎರಡೂವರೆ ಗಂಟೆ. ಡಬ್ಬಿಯ ಮೇಲೆ 8 ಗಂಟೆ ಅಂತ ಬರೆದಿದ್ರೂ ಈ ಲೆಕ್ಕವನ್ನೇ ನಂಬಿ.

ಬೇಲೆಕೇರಿ ಬಂದರು (ಅಂಕೋಲಾ):
ಹೊಸ ಕೇಬಲ್ ಎಳೆದಾಯ್ತು, ತೂತಿನ ಕೆಳಗೆ ಬಾಗು ಬಿಟ್ಟಿದ್ದೇನೆ. ಮೊದಲ ಸಲ 100 ಎಂಬಿಪಿಎಸ್ ತೋರಿಸ್ತು. ಮೇಲಿನ ಪ್ಲಗ್‌ನಲ್ಲಿ ಕಂದು ಎಳೆ ತುದಿವರೆಗೆ ಹೋಗಿರ್ಲಿಲ್ಲ, ಮತ್ತೆ ಹಾಕಿದ ಮೇಲೆ 1.0 ಜಿಬಿಪಿಎಸ್. 192.168.1.1ಕ್ಕೆ ನೂರು ಸಲ ಪಿಂಗ್ ಕೊಟ್ಟೆ, ಒಂದೂ ತಪ್ಪಲಿಲ್ಲ. ಹಳೇ ಸೆಲ್ 1.9 ವೋಲ್ಟ್ ಇತ್ತು. ಹೊಸದು ಹಾಕಿ ರಾತ್ರಿಯಿಡೀ ಪ್ಲಗ್ ಕಿತ್ತಿಟ್ಟು ನೋಡಿದೆ, ತಾರೀಕು ಸರಿಯಾಗೇ ಇದೆ. ಎಲ್ಲರಿಗೂ ಮನಸಾರೆ ಧನ್ಯವಾದ.

ಸೋಂದಾ ತೋಟ (ಶಿರಸಿ ಕಡೆ):
ನಮ್ಮಲ್ಲೂ ಲೈನಿನವರು ಬಂದಿದ್ರು. ಕಂಬದ ಪೆಟ್ಟಿಗೆ ಮುಚ್ಚಳದ ರಬ್ಬರ್ ಹೋಗಿ ಒಳಗೆ ನೀರು ನಿಂತಿತ್ತು. ಬೆಸುಗೆ ಹಾಕಿ ಬೇರೆ ಪೆಟ್ಟಿಗೆ ಕಟ್ಟಿದ್ದಾರೆ. ಈಗ ಹೊರಗೆ ಜೋರು ಮಳೆ ಹೊಯ್ತಿದೆ, ಆರ್‌ಎಕ್ಸ್ ಪವರ್ ಮೈನಸ್ 21.4.